ಟ್ರಾಯ್ ಬಿದ್ದದ್ದು ತರಗುಪೇಟೆಯಲ್ಲಿ

"ಎರಡು ಗಂಟೆ ಹೆಂಗಸರು ಅಳೋದನ್ನ ದುಡ್ಡು ಕೊಟ್ಟು ಯಾರು ನೋಡ್ತಾರೆ?" ಹೀಗೆ ಕೇಳಿದವರು ಹೊರಗಿನವರಲ್ಲ. ಬೆಂಗಳೂರಿನ ಹವ್ಯಾಸಿ ರಂಗಭೂಮಿಯಲ್ಲಿ ನನ್ನ ಜೊತೆಗೇ ಕೂದಲು ಬೆಳ್ಳಗೆ ಮಾಡಿಕೊಂಡವರು. ಟ್ರಾಯ್ ನಗರ ಗ್ರೀಕರ ಕೈಗೆ ಬಿದ್ದ ಮೇಲೆ ಉಳಿದ ಹೆಂಗಸರ ಕಥೆ, ಗ್ರೀಕ್ ನಾಟಕಕಾರ ಯೂರಿಪಿಡೀಸನ 'ಟ್ರೋಜನ್ ಹೆಂಗಸರು' ಮಾಡ್ತೀನಿ ಅಂದಾಗ ಒಬ್ಬರು ನೇರವಾಗಿ ಹೇಳಿದರು: "ಅಂತಿಗೊನೆ ಮಾಡು ಅಕ್ಕಾ, ಅದರಲ್ಲಿ ಜಗಳ ಇದೆ. ಇದರಲ್ಲಿ ಏನಿದೆ? ಊರು ಬಿದ್ದಾಯ್ತು, ಗಂಡಸರು ಸತ್ತಾಯ್ತು, ಆಮೇಲೆ ನಾಟಕ ಶುರು."

ಈಗ ಅದೇ ಮಹಾನುಭಾವರು ಪಾಸು ಇದೆಯಾ ಅಂತ ಫೋನ್ ಮಾಡ್ತಾರೆ. ಇಲ್ಲ ಅಂತೀನಿ. ಕಳೆದ ವರ್ಷದಿಂದ ಸುಮಾರು ಇಪ್ಪತ್ತು ಶೋ ಆಗಿರಬೇಕು. ಅರ್ಧಕ್ಕಿಂತ ಜಾಸ್ತಿ ಹೌಸ್‌ಫುಲ್. ತುಮಕೂರು, ಮಂಡ್ಯ, ರಾಮನಗರದ ಕಡೆಯಿಂದಲೂ ಕರೆದಿದ್ದಾರೆ. ಹೇಗೆ ಮಾಡಿದಿರಿ ಅಂತ ಕೇಳುವವರು ಜಾಸ್ತಿಯಾದ್ದರಿಂದ ಒಂದು ಸಲ ಬರೆದು ಮುಗಿಸೋಣ ಅಂತ ಕೂತಿದ್ದೇನೆ. ಬ್ಲಾಕಿಂಗ್ ಹೇಗೆ, ಬೆಳಕು ಹೇಗೆ ಅಂತ ನಿಮಗೆ ಹೇಳಿಕೊಡಬೇಕಿಲ್ಲ. ನಾನು ಹೇಳಬೇಕಿರುವುದು ಮೇಳದ ವಿಷಯ, ಗ್ರೀಕ್ ನಾಟಕದಲ್ಲಿ ನಡುನಡುವೆ ಒಟ್ಟಾಗಿ ಹಾಡಿ ಮಾತಾಡುವ ಗುಂಪಿನ ವಿಷಯ. ಗ್ರೀಕ್ ನಾಟಕ ನಮ್ಮಲ್ಲಿ ಸೋಲುವುದು ಮೇಳದಲ್ಲೇ. ಈಡಿಪಸ್‌ಗೆ ಒಳ್ಳೆಯ ನಟ ಸಿಗ್ತಾನೆ, ಸಂಭಾಷಣೆಗೆ ಲಂಕೇಶರ ಅನುವಾದ ಇದೆ. ಆದರೆ ಮೇಳ ಬಂದ ಕೂಡಲೇ ಪ್ರೇಕ್ಷಕ ಮೊಬೈಲ್ ತೆಗೀತಾನೆ.

ಮೊದಲು ನಾನು ಏನೇನು ಮಾಡಿ ನೋಡಿದೆ ಅಂತ ಹೇಳ್ತೀನಿ.

ಮೊದಲನೆಯದು ಎಲ್ಲರೂ ಮಾಡುವುದೇ. ಮೇಳದವರೆಲ್ಲ ಒಟ್ಟಿಗೆ, ಒಂದೇ ಸ್ವರದಲ್ಲಿ ಮಾತಾಡುವುದು. ಮೂರು ವಾರ ತಾಲೀಮು ಮಾಡಿದರೂ ಅದು ಸರ್ಕಾರಿ ಶಾಲೆಯ ಬೆಳಗಿನ ಪ್ರಾರ್ಥನೆಯ ಹಾಗೇ ಕೇಳಿಸುತ್ತಿತ್ತು. ಮಾತಿಗೆ ಮಾತು ಸೇರುತ್ತಿತ್ತು, ದುಃಖ ಮಾತ್ರ ಎಲ್ಲೂ ಇರಲಿಲ್ಲ.

ಎರಡನೆಯದು ಮೂಡಲಪಾಯ ಯಕ್ಷಗಾನ. ಭಾಗವತರನ್ನು ಕರೆಸಿದೆವು, ಮದ್ದಳೆ, ಮುಖವೀಣೆ, ಎಲ್ಲ ಬಂತು. ಭಾಗವತರು ದೊಡ್ಡ ಕಲಾವಿದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮದ್ದಳೆ ಬಿದ್ದ ಕೂಡಲೇ ನಮ್ಮ ಹುಡುಗಿಯರ ಬೆನ್ನು ನೆಟ್ಟಗಾಗಿ, ಎದೆ ಮುಂದೆ ಬಂದು, ಈಗಲೇ ಹೋಗಿ ಗ್ರೀಕರನ್ನು ಹೊಡೆದು ಬರುವವರ ಹಾಗೆ ಕಾಣುತ್ತಿದ್ದರು. ಸೋತ ಊರಿನ ಹೆಂಗಸರು ಅಂತ ಯಾರಿಗೂ ಅನ್ನಿಸಲಿಲ್ಲ. ಆ ಪ್ರಯೋಗಕ್ಕೆ ನಲವತ್ತು ಸಾವಿರದ ಆಸುಪಾಸು ಹೋಯಿತು. ಒಂದು ಶೋ ಕೂಡ ಆಗಲಿಲ್ಲ.

ಮೂರನೆಯದು ಕಂಸಾಳೆ. ಅದರ ಕಥೆ ಉದ್ದ ಮಾಡುವುದಿಲ್ಲ. ಪರಿಚಿತರನ್ನು ಕರೆದು ತೋರಿಸಿದೆವು, ಮೇಳ ಮುಗಿದ ಕೂಡಲೇ ಜೋರು ಚಪ್ಪಾಳೆ ಬಿತ್ತು. ಮಗನನ್ನು ಕಳೆದುಕೊಂಡ ತಾಯಿ ವೇದಿಕೆ ಮೇಲೆ ಇದ್ದಾಗ ಚಪ್ಪಾಳೆ! ಅಲ್ಲಿಗೆ ಅದನ್ನೂ ಬಿಟ್ಟೆ.

ನಡುವೆ ಬೇರೆಯವರು ಏನು ಮಾಡಿದ್ದಾರೆ ಅಂತ ಓದುತ್ತಿದ್ದೆ. ನಮ್ಮವರಲ್ಲಿ ಬಿ.ಎಂ.ಶ್ರೀಯವರೇ ಮೊದಲು. ಗ್ರೀಕ್ ನಾಟಕಕಾರ ಸೊಫೋಕ್ಲೀಸನ ವೀರ ಅಜಾಕ್ಸನನ್ನು ತೆಗೆದುಕೊಂಡು ಅಶ್ವತ್ಥಾಮನನ್ನಾಗಿ ಮಾಡಿದರು. ಪುರಾಣದಲ್ಲಿ ಅಶ್ವತ್ಥಾಮ ಚಿರಂಜೀವಿ. ಶ್ರೀಯವರು ಅವನನ್ನು ನಾಟಕದಲ್ಲಿ ಸಾಯಿಸಿಯೇಬಿಟ್ಟರು. ಗ್ರೀಕ್ ನಾಟಕಕ್ಕಾಗಿ ನಮ್ಮ ಪುರಾಣವನ್ನೇ ಮುರಿಯುವ ಧೈರ್ಯ ಅದು. ಆ ನಾಟಕದ ಒಂದು ದೃಶ್ಯವನ್ನು ನಮ್ಮ ಹುಡುಗರ ಕೈಲಿ ಓದಿಸಿ ನೋಡಿದೆ. ಹಳಗನ್ನಡ ಅವರ ನಾಲಿಗೆಯಲ್ಲಿ ನಿಲ್ಲಲಿಲ್ಲ, ಆದರೆ ಕೇಳಲು ಏನು ಗಾಂಭೀರ್ಯ ಅಂತೀರಿ. ಇನ್ನೊಂದು ದಿನ ಅದನ್ನೂ ಮಾಡಬೇಕು.

ನನ್ನ ಕಣ್ಣು ತೆರೆಸಿದ್ದು ನೈಜೀರಿಯಾದವರು. ನಾವೆಲ್ಲ ಗ್ರೀಕ್ ನಾಟಕವನ್ನು ಲಂಡನ್ ಮೂಲಕ ಕಲಿತವರು. ಇಂಗ್ಲಿಷ್ ಮೇಷ್ಟ್ರು ಹೇಳಿಕೊಟ್ಟ ಗ್ರೀಸ್ ಅದು, ಬಿಳಿ ಕಂಬ, ಬಿಳಿ ಬಟ್ಟೆ. 1855ರಲ್ಲಿ ಸಿವಿಲ್ ಸರ್ವಿಸ್ ಪರೀಕ್ಷೆ ಶುರು ಮಾಡಿದಾಗ ಗ್ರೀಕ್‌ಗೆ 750 ಅಂಕ, ಲ್ಯಾಟಿನ್‌ಗೆ 750, ಸಂಸ್ಕೃತಕ್ಕೆ ಮತ್ತು ಅರಬ್ಬಿಗೆ ತಲಾ 375 ಇಟ್ಟಿದ್ದರು. ಇಂಡಿಯಾವನ್ನು ಆಳಲು ಹೊರಟವನಿಗೆ ಸಂಸ್ಕೃತಕ್ಕಿಂತ ಗ್ರೀಕ್ ಎರಡು ಪಟ್ಟು ಲಾಭ! ಆ ಮರ್ಯಾದೆಯೇ ನಮ್ಮ ತಲೆಯಲ್ಲೂ ಕೂತುಬಿಟ್ಟಿದೆ. ಗ್ರೀಕ್ ನಾಟಕ ಅಂದರೆ ಕೈ ಕಟ್ಟಿ ನಿಲ್ಲುತ್ತೇವೆ.

ನೈಜೀರಿಯಾದ ನಾಟಕಕಾರ ಓಲಾ ರೊಟಿಮಿ ಕೈ ಕಟ್ಟಿ ನಿಲ್ಲಲಿಲ್ಲ. 1968ರಲ್ಲಿ, ಅಲ್ಲಿ ಬಿಯಾಫ್ರಾ ಅಂತರ್ಯುದ್ಧ ನಡೀತಾ ಇರುವಾಗಲೇ, ತಿಳಿಯದೆ ಅಪ್ಪನನ್ನೇ ಕೊಲ್ಲುವ ದೊರೆ ಈಡಿಪಸ್‌ನನ್ನು ಅಲ್ಲಿಯ ಯೊರುಬಾ ಜನರ ರಾಜನನ್ನಾಗಿ ಮಾಡಿದ. ಅವನ ನಾಯಕ ಅಪ್ಪನನ್ನು ಕೊಲ್ಲುವುದು ಹೊಲದ ಜಗಳದಲ್ಲಿ, ಮುದುಕ ತನ್ನ ಕುಲವನ್ನು ಹಂಗಿಸಿದ ಅನ್ನುವ ಸಿಟ್ಟಿಗೆ. ನಾಟಕದ ಹೆಸರಲ್ಲೇ ದೇವರ ತಪ್ಪಿಲ್ಲ ಅಂದುಬಿಟ್ಟ. ಅದೇ ನಾಡಿನ ಸೊಯಿಂಕಾ 1973ರಲ್ಲಿ ಯೂರಿಪಿಡೀಸನ 'ಬ್ಯಾಕೆ'ಯನ್ನು, ಮದ್ಯದ ದೇವರು ಡಯೋನೈಸಸ್‌ನ ನಾಟಕವನ್ನು, ತೆಗೆದುಕೊಂಡು ಮೇಳದ ಜೊತೆಗೆ ಗುಲಾಮರ ಇನ್ನೊಂದು ಮೇಳ ಸೇರಿಸಿದ. ಡಯೋನೈಸಸ್‌ನಲ್ಲಿ ಅವನಿಗೆ ಯೊರುಬಾ ಜನರ ಓಗುನ್ ದೇವರು ಕಂಡ. ಅದೇ ವರ್ಷ ದಕ್ಷಿಣ ಆಫ್ರಿಕಾದಲ್ಲಿ ಫುಗಾರ್ಡ್, ಕಾನಿ, ಎನ್‌ಟ್ಶೋನಾ ಸೇರಿ ರಾಜನ ಅಪ್ಪಣೆ ಮೀರಿದ ಹುಡುಗಿ ಅಂತಿಗೊನೆಯ ಕಥೆಯನ್ನು ಜೈಲಿನ ಇಬ್ಬರು ಕೈದಿಗಳು ಆಡುವ ನಾಟಕ ಕಟ್ಟಿದರು. ರಾಬೆನ್ ದ್ವೀಪದ ಜೈಲಿನಲ್ಲಿ ಮಂಡೇಲಾ ನಿಜವಾಗಿಯೂ ಅಂತಿಗೊನೆಯಲ್ಲಿ ಪಾತ್ರ ಮಾಡಿದ್ದರು. ಯಾವ ಪಾತ್ರ ಅಂದುಕೊಂಡಿರಿ? ಕ್ರೆಯಾನ್. ಸರ್ವಾಧಿಕಾರಿಯ ಪಾತ್ರ.

ನನಗೆ ಕೆಲಸಕ್ಕೆ ಬಂದದ್ದು ನೈಜೀರಿಯಾದ ಇನ್ನೊಬ್ಬ ನಾಟಕಕಾರ, ಫೆಮಿ ಒಸೊಫಿಸನ್. 2004ರಲ್ಲಿ ಅವನು ಇದೇ 'ಟ್ರೋಜನ್ ಹೆಂಗಸರು' ನಾಟಕವನ್ನು ಯೊರುಬಾ ನಾಡಿನ ಓವು ಅನ್ನುವ ಊರಿಗೆ ತಂದ. ಹತ್ತೊಂಬತ್ತನೇ ಶತಮಾನದ ಶುರುವಿನಲ್ಲಿ ಅಕ್ಕಪಕ್ಕದ ಸೈನ್ಯಗಳೆಲ್ಲ ಸೇರಿ ಮುತ್ತಿಗೆ ಹಾಕಿ ನೆಲಸಮ ಮಾಡಿದ ಊರು ಅದು. ಇರಾಕ್ ಯುದ್ಧ ಶುರುವಾದ ಮರುವರ್ಷ ಆಡಿದರು. ಮೂಲದ ಸಮುದ್ರದೇವರು ಪೊಸೈಡನ್ ಜಾಗದಲ್ಲಿ ಊರಿನ ಮೂಲಪುರುಷ ಬಂದ. ಅವನ ಮೇಳದ ಹೆಂಗಸರು ಹಾಡುವುದು ಯೊರುಬಾ ಹಾಡುಗಳನ್ನು. ಅಲ್ಲಿ ಸಾವಿಗೆ ಹಾಡುವ ಪದಗಳು. ಅಲಂಕಾರಕ್ಕೆ ತಂದ ಜಾನಪದ ಅಲ್ಲ ಅದು. ಗ್ರೀಕ್ ಮೇಳ ಮಾಡುತ್ತಿದ್ದ ಕೆಲಸವನ್ನೇ ಆ ಊರಿನಲ್ಲಿ ನಿಜವಾಗಿ ಮಾಡುವ ಹಾಡು. ದಕ್ಷಿಣ ಆಫ್ರಿಕಾದ ನಿರ್ದೇಶಕಿ ಯೇಲ್ ಫಾರ್ಬರ್ ಕೂಡ ಗ್ರೀಕ್ ನಾಟಕ ಒರೆಸ್ಟೈಯಾ ಮಾಡುವಾಗ ಎನ್‌ಗ್ಕೋಕೊ ತಂಡದ ಖೋಸಾ ಜನಾಂಗದ ಹೆಂಗಸರನ್ನೇ ಮೇಳವಾಗಿ ಕೂರಿಸಿದ್ದಳು.

ಇದನ್ನು ಓದಿದ ಮೇಲೆ ನನಗೆ ನನ್ನ ಮೇಲೇ ನಗು ಬಂತು. ನಾನು ಇಷ್ಟು ದಿನ ಹುಡುಕಿದ್ದು ನೋಡಲು ಮೇಳದ ಹಾಗೆ ಕಾಣುವ ಕಲೆಯನ್ನು. ಹುಡುಕಬೇಕಾದದ್ದು ಮೇಳದ ಕೆಲಸ ಮಾಡುವವರನ್ನು. ಊರು ಹಾಳಾದಾಗ, ಮನೆಯಲ್ಲಿ ಹೆಣ ಬಿದ್ದಾಗ, ನಮ್ಮಲ್ಲಿ ಯಾರು ಹಾಡ್ತಾರೆ? ಹಳೇ ಮೈಸೂರು ಕಡೆ ಹುಟ್ಟಿದ ಯಾರನ್ನಾದರೂ ಕೇಳಿ. ಅಜ್ಜಿಯರು ಹಾಡಿಕೊಂಡು ಅಳುವುದನ್ನು ಕೇಳದೆ ಬೆಳೆದವರು ಕಡಿಮೆ.

ಅದಕ್ಕೂ ಮೊದಲು ಊರು ಗೊತ್ತಾಗಬೇಕಿತ್ತು. ಒಸೊಫಿಸನ್‌ಗೆ ಓವು ಇತ್ತು. ನನಗೆ? ಹಂಪಿ ಅಂದರು ಎಲ್ಲರೂ. ಹಂಪಿ ಅಂದರೆ ಮತ್ತೆ ಕಲ್ಲಿನ ರಥ, ರೇಷ್ಮೆ ಸೀರೆ, ಲೈಟಿಂಗು. ಬೇಡ ಅನ್ನಿಸಿತು. ದಿನಾ ಬಸ್ಸಿನಲ್ಲಿ ಕೆ.ಆರ್. ಮಾರ್ಕೆಟ್ ದಾಟುವವಳು ನಾನು. ಪಕ್ಕದಲ್ಲೇ ಕೋಟೆ. ದಿಲ್ಲಿ ಗೇಟಿನ ಕಡೆ ಗೋಡೆಯಲ್ಲಿ ಇಂಗ್ಲಿಷರು ಹಾಕಿದ ಕಲ್ಲು ಇದೆ: ಇಲ್ಲಿ ಗೋಡೆ ಒಡೆದು ಒಳನುಗ್ಗಿದೆವು, 1791 ಮಾರ್ಚ್ 21. ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಕಾರ್ನ್‌ವಾಲಿಸ್‌ನ ಸೈನ್ಯ ಮಾರ್ಚ್ 7ಕ್ಕೆ ಪೇಟೆ ಹಿಡಿಯಿತು, ಎರಡು ವಾರದ ನಂತರ ರಾತ್ರಿ ಕೋಟೆ ಹತ್ತಿತು. ಪೇಟೆ ಬಾಗಿಲಲ್ಲಿ ಮೂರ್‌ಹೌಸ್ ಅನ್ನುವ ಕರ್ನಲ್ ಸತ್ತ. ಅವನ ಸಾವನ್ನು ರಾಬರ್ಟ್ ಹೋಮ್ ದೊಡ್ಡದಾಗಿ ಚಿತ್ರ ಬರೆದಿದ್ದಾನೆ. ಪೇಟೆಯ ಹೆಂಗಸರಿಗೆ ಏನಾಯಿತು ಅಂತ ಯಾರು ಬರೆದಾರು? ಅಷ್ಟು ಜಾಗ ನನಗೆ ಸಾಕಾಗಿತ್ತು. ಹೆಂಗಸರೆಲ್ಲ ನನ್ನ ಕಲ್ಪನೆಯವರು, ತಾರೀಕು ಮಾತ್ರ ನಿಜ.

ಟಿಪ್ಪು ಹೆಸರು ನಾಟಕದಲ್ಲಿ ಒಂದು ಸಲವೂ ಬರುವುದಿಲ್ಲ. 1792ರಲ್ಲಿ ಒತ್ತೆ ಕೊಟ್ಟ ಟಿಪ್ಪುವಿನ ಇಬ್ಬರು ಮಕ್ಕಳನ್ನು ಮೂಲದಲ್ಲಿ ಕೊಲೆಯಾಗುವ, ಟ್ರಾಯ್ ವೀರ ಹೆಕ್ಟರನ ಮಗನ ಜಾಗಕ್ಕೆ ತರಬಹುದಲ್ವಾ ಅಂತ ಬುದ್ಧಿವಂತರೊಬ್ಬರು ಸೂಚಿಸಿದರು. ತರಬಹುದು. ಆಮೇಲೆ ನಾಟಕ ಬಿಟ್ಟು ಮಿಕ್ಕೆಲ್ಲ ಚರ್ಚೆಯಾಗುತ್ತದೆ. ನನಗೆ ರಾಜರು ಬೇಕಿರಲಿಲ್ಲ. ಮೂಲದಲ್ಲಿ ಟ್ರಾಯ್ ರಾಣಿಯಾದ, ಹೆಕ್ಟರನ ತಾಯಿ ಹೆಕ್ಯುಬಾ ನಮ್ಮಲ್ಲಿ ತರಗುಪೇಟೆಯ ದವಸದ ಮಂಡಿ ಮನೆಯ ಹಿರಿಯಮ್ಮ. ಮೇಳದ ಒಬ್ಬೊಬ್ಬಳೂ ಒಂದೊಂದು ಪೇಟೆಯವಳು: ಬಳೇಪೇಟೆ, ಅರಳೇಪೇಟೆ, ಕುಂಬಾರಪೇಟೆ, ತಿಗಳರಪೇಟೆ. ಸೊಫೋಕ್ಲೀಸ್ ಮೇಳವನ್ನು ಹನ್ನೆರಡರಿಂದ ಹದಿನೈದಕ್ಕೆ ಏರಿಸಿದನಂತೆ. ಅವನಿಗೆ ಅಥೆನ್ಸಿನ ಶ್ರೀಮಂತರು ದುಡ್ಡು ಕೊಡುತ್ತಿದ್ದರು. ನಮ್ಮಲ್ಲಿ ಒಂಬತ್ತಕ್ಕೇ ನಿಂತಿತು. ಒಂದು ಟೆಂಪೋ ಟ್ರಾವೆಲರ್‌ನಲ್ಲಿ ಮೇಳ, ವಾದ್ಯ, ಪ್ರಾಪರ್ಟಿ, ನಾನು, ಅಷ್ಟೇ ಹಿಡಿಯುವುದು.

ಮೇಳದಲ್ಲಿ ನಾಲ್ಕು ಜನ ಮಾಗಡಿ ಕಡೆಯ ಹಳ್ಳಿಯವರು. ನಟಿಯರಲ್ಲ. ಅವರನ್ನು ಒಪ್ಪಿಸಿದ್ದೇ ಒಂದು ದೊಡ್ಡ ಕಥೆ. ಹಿರಿಯಾಕೆ, ಎಲ್ಲರೂ ಅಜ್ಜಿ ಅಂತ ಕರೀತೀವಿ, ಮೊದಲ ದಿನವೇ ಕೈ ಆಡಿಸಿಬಿಟ್ಟರು. "ಸಾವಿಲ್ದೆ ಸಾವಿನ ಪದ ಹಾಡ್‌ಬಾರ್ದು ಕಣವ್ವ. ಮನೆಗೆ ಒಳ್ಳೇದಲ್ಲ." ವಾದ ಮಾಡಲು ಹೋಗಲಿಲ್ಲ. ಮನೆಯೊಳಗೆ ತಾಲೀಮು ಬೇಡ ಅಂದೆ. ಊರಾಚೆ ಒಂದು ಹುಣಸೇ ತೋಪು ಇತ್ತು, ಅಲ್ಲೇ ಕೂರುತ್ತಿದ್ದೆವು. ಬದುಕಿರುವ ಯಾರ ಹೆಸರನ್ನೂ ಹಾಡಿನಲ್ಲಿ ತರುವುದಿಲ್ಲ ಅಂತ ಮಾತು ಕೊಟ್ಟೆ. ಮುಗಿದ ಮೇಲೆ ಎಲ್ಲರೂ ಕೈಕಾಲು ತೊಳೆದೇ ಮನೆಗೆ. ಇನ್ನೂ ಒಂದು ಕೆಲಸ ಮಾಡುತ್ತೇವೆ, ಪ್ರತಿ ಶೋಗೆ ಮುಂಚೆ ಗ್ರೀನ್ ರೂಮಿನಲ್ಲಿ. ಅದರಿಂದಲೇ ಅಜ್ಜಿ ಒಪ್ಪಿದ್ದು, ಅದರಿಂದಲೇ ಮೇಳಕ್ಕೆ ಮೊದಲ ಸಾಲಿನಲ್ಲೇ ಉಸಿರು ಕೂಡಿಬರುವುದು. ಅದೇನು ಅಂತ ಇಲ್ಲಿ ಬರೆಯೋದಿಲ್ಲ. ಅದು ಅವರದು.

ಒಪ್ಪಿದ ಮೇಲೂ ಹಾಡು ಬರಲಿಲ್ಲ. ನಾನು ಯೂರಿಪಿಡೀಸನ ಮೇಳದ ಪದ್ಯವನ್ನು ಸರಳ ಕನ್ನಡಕ್ಕೆ ತಂದು ಓದಿ ಹೇಳಿದೆ. ಊರು ಬಿತ್ತು, ಮರದ ಕುದುರೆ ಬಂತು, ಬೆಂಕಿ ಹತ್ತಿತು. ಅಜ್ಜಿ ಸುಮ್ನೆ ಕೂತಿದ್ದರು. ಆಮೇಲೆ ಕೇಳಿದರು: "ಸತ್ತೋರು ಯಾರು?"

ಊರಿನವರೆಲ್ಲ ಅಂದೆ.

"ಊರೋರ್ನೆಲ್ಲ ಯಾರಾದ್ರೂ ಹಾಡ್ಕೊಂಡು ಅಳ್ತಾರಾ? ಹೆಸರು ಹೇಳವ್ವ. ಆ ಮಗ ಏನು ತಿಂತಿತ್ತು, ಎಲ್ಲಾಡ್ತಿತ್ತು, ಅದ್ನ ಹೇಳು. ಇಲ್ದಿದ್ರೆ ಬಾಯಿಗೆ ಬರಕಿಲ್ಲ."

ಅಲ್ಲಿಂದ ನಾಟಕ ಬದಲಾಯಿತು. ಮೇಳದ ಪದ್ಯಗಳನ್ನೆಲ್ಲ ಪಕ್ಕಕ್ಕಿಟ್ಟೆ. ಒಬ್ಬೊಬ್ಬಳಿಗೂ ಸತ್ತವರ ಪಟ್ಟಿ ಮಾಡಿದೆವು. ಬಳೇಪೇಟೆಯವಳ ಗಂಡ, ಅವನಿಗೆ ಎಡಗೈ ವಾಟ. ಕುಂಬಾರಪೇಟೆಯವಳ ಮೈದುನ, ಸಾಲ ತೀರಿಸದೆ ಸತ್ತವನು. ಹುಡುಗಿಯರು ಮನೆಗೆ ಹೋಗಿ ಬರೆದುಕೊಂಡು ಬಂದರು, ಅಜ್ಜಿ ಅದನ್ನು ಕೇಳಿ ಹಾಡಿಗೆ ಹಾಕಿದರು. ಬೈಗುಳ ಕೂಡ ಬಂತು. ಹಾಡಿಕೊಂಡು ಅಳುವಾಗ ಸತ್ತವನನ್ನು ಬೈಯುತ್ತಾರೆ, ಗೊತ್ತಲ್ವಾ? ನನ್ನ ಬಿಟ್ಟು ಹೋಗೋಕೆ ನಿನಗೆ ಹೇಗೆ ಮನಸ್ಸು ಬಂತು ಅಂತ. ಆ ಬೈಗುಳದಲ್ಲಿ ಪ್ರೇಕ್ಷಕರು ಮೊದಲು ನಗುತ್ತಾರೆ. ನಗಲಿ ಅಂತಲೇ ಬಿಟ್ಟಿದ್ದೇನೆ. ಫುಗಾರ್ಡ್ ನಾಟಕದಲ್ಲೂ ಕೈದಿಯೊಬ್ಬ ಅಂತಿಗೊನೆಯ ವಿಗ್ಗು ಹಾಕಿಕೊಂಡಾಗ ಇನ್ನೊಬ್ಬ ಬಿದ್ದು ಬಿದ್ದು ನಗುತ್ತಾನೆ. ಅಲ್ಲಿ ನಕ್ಕವನಿಗೆ ಕೊನೆಯ ಅಂತಿಗೊನೆ ಇನ್ನೂ ಜೋರಾಗಿ ತಾಗುತ್ತದೆ.

ಈಗ ಮೊರದ ದೃಶ್ಯ. ಎಲ್ಲರೂ ಕೇಳುವುದು ಇದನ್ನೇ.

ಮೂಲದಲ್ಲಿ ಗ್ರೀಕರು ಹೆಕ್ಟರನ ಪುಟ್ಟ ಮಗನನ್ನು ಕೋಟೆ ಗೋಡೆಯಿಂದ ಎಸೆದು ಕೊಲ್ಲುತ್ತಾರೆ. ಮಗುವಿನ ಹೆಣವನ್ನು ಹೆಕ್ಟರನ ಗುರಾಣಿಯ ಮೇಲೆ ಹೊತ್ತು ತರುತ್ತಾರೆ. ಅಜ್ಜಿ ಹೆಕ್ಯುಬಾ ಗುರಾಣಿಯನ್ನು ನೋಡಿ, ಹಿಡಿಯಲ್ಲಿ ಮಗನ ಕೈ ಗುರುತು ಇದೆ, ಅಂಚಿನಲ್ಲಿ ಅವನ ಗಡ್ಡದಿಂದ ಇಳಿದ ಬೆವರಿನ ಕಲೆ ಇದೆ ಅನ್ನುತ್ತಾಳೆ. ಇಡೀ ನಾಟಕದಲ್ಲಿ ನನಗೆ ಅತಿ ಇಷ್ಟದ ಜಾಗ ಅದು. ಆದರೆ ದವಸದ ಮಂಡಿ ಮನೆಯಲ್ಲಿ ಗುರಾಣಿ ಎಲ್ಲಿ? ಮೊದಲು ಹಲಗೆ ಇಟ್ಟೆವು, ಆಮೇಲೆ ಕಂಬಳಿ. ಎರಡೂ ಸುಮ್ನೆ ಹೆಣ ಹೊರುವ ಸಾಮಾನಾದವು. ಅಜ್ಜಿಯ ಜೊತೆ ಬಂದಿದ್ದ ಇನ್ನೊಬ್ಬಾಕೆ ತಾಲೀಮಿನಲ್ಲಿ ಪಕ್ಕದಲ್ಲಿದ್ದ ಮೊರ ಎತ್ತಿ ಕೊಟ್ಟರು. "ಮಗ ಅಲ್ವಾ, ಇದ್ರಾಗೆ ಮಲಗಿಸಿ." ಹುಟ್ಟಿದ ಕೂಸನ್ನು ಮೊರದಲ್ಲಿ ಮಲಗಿಸುವುದು ನಮಗೆಲ್ಲ ಗೊತ್ತಿರುವುದೇ. ಯಾರೂ ಏನೂ ಮಾತಾಡಲಿಲ್ಲ. ಅವತ್ತು ತಾಲೀಮು ಅಲ್ಲಿಗೇ ನಿಲ್ಲಿಸಿದೆ.

ಮೊರ ಬಂದ ಮೇಲೆ ಬೆವರಿನ ಮಾತು ಏನಾಗಬೇಕು? ಮೊರ ಹಿಡಿಯುವುದು ಹೆಕ್ಟರ್ ಅಲ್ಲ, ಅವನ ಹೆಂಡತಿ. ಹಾಗಾಗಿ ಹಿರಿಯಮ್ಮ ನೋಡುವುದು ಸೊಸೆಯ ಕೈ ಗುರುತನ್ನು. ದಿನಾ ಕೇರಿ ಕೇರಿ ಅಂಚಿನ ಬಿದಿರು ಸವೆದಿರುವ ಜಾಗ. ಅಷ್ಟು ಹೊತ್ತಿಗೆ ಸೊಸೆಯನ್ನು ದಂಡಿನವರು ಎಳೆದುಕೊಂಡು ಹೋಗಿಯಾಗಿದೆ, ಮಗುವನ್ನು ಮಣ್ಣು ಮಾಡಲು ಅವಳಿಲ್ಲ. ಮೂಲದಲ್ಲೂ ಹೆಕ್ಟರನ ಹೆಂಡತಿ ಆಂಡ್ರೊಮಕಿ ಅಷ್ಟು ಹೊತ್ತಿಗೆ ಹಡಗು ಹತ್ತಿಯಾಗಿರುತ್ತದೆ. ಸತ್ತ ವೀರನ ಬೆವರು ಹೋಗಿ ಹಿಡಿದೊಯ್ದ ಸೊಸೆಯ ಬೆರಳ ಗುರುತು ಬಂತು. ಅತ್ತೆ ಮೊರದ ಅಂಚನ್ನು ತಡಕಿ ಆ ತಗ್ಗಿನಲ್ಲಿ ತನ್ನ ಹೆಬ್ಬೆರಳು ಇಡುತ್ತಾಳೆ, ಅದು ಅಲ್ಲಿ ಕೂರುವುದಿಲ್ಲ, ಸೊಸೆಯದು ಚಿಕ್ಕ ಕೈ. ಆಗ ಮೇಳದಿಂದ ಅಜ್ಜಿ ಎತ್ತಿಕೊಳ್ಳುತ್ತಾರೆ: "ಮೊರದಾಗೆ ಬಂದ್ಯಲ್ಲೋ ಕೆಂಚಣ್ಣ, ಮೊರದಾಗೆ ಹೊಂಟ್ಯಲ್ಲೋ." ನನ್ನ ಅಭಿಪ್ರಾಯ ಕೇಳಿದರೆ, ಈ ಒಂದು ಜಾಗದಲ್ಲಿ ನಾವು ಯೂರಿಪಿಡೀಸನಿಗೆ ಸಮ ನಿಂತಿದ್ದೇವೆ. ಜಂಭ ಅಂದರೆ ಅನ್ನಿ.

ಮೊರ ಹುಡುಕಿದ್ದೂ ಒಂದು ಪಾಡು. ಅಂಗಡಿಯಲ್ಲಿ ಕೇಳಿದರೆ ಪ್ಲಾಸ್ಟಿಕ್ ಕೊಡುತ್ತಾರೆ. ಬಂಬೂ ಬಜಾರಿನಲ್ಲಿ ಬಿದಿರಿನದು ಸಿಕ್ಕಿತು, ಆದರೆ ಹೊಸದು, ಹಳದಿ, ಬೆಳಕು ಬಿದ್ದರೆ ಫಳಫಳ. ಟೀ ಡಿಕಾಕ್ಷನ್ ಬಳಿದೆವು, ಚಾಪೆ ಬಣ್ಣಕ್ಕೆ ಬಂತೇ ಹೊರತು ಹಳೇದಾಗಲಿಲ್ಲ. ಕೊನೆಗೆ ನಮ್ಮ ತಂಡದ ಹುಡುಗನೊಬ್ಬನ ಅಜ್ಜಿ ಹೊಸಕೋಟೆಯಿಂದ ಮನೆಯದನ್ನೇ ಕೊಟ್ಟರು. ಸಗಣಿ ಸಾರಿಸಿ ಸಾರಿಸಿ ಕಪ್ಪಾಗಿದ್ದ ಮೊರ, ಅಂಚಿನಲ್ಲಿ ನಿಜವಾಗಿಯೂ ಸವೆದ ಜಾಗ ಇತ್ತು. ಅದನ್ನು ಸೀರೆಯಲ್ಲಿ ಸುತ್ತಿ ಇಟ್ಟಿದ್ದೇವೆ, ಯಾರಿಗೂ ಬಾಡಿಗೆ ಕೊಡುವುದಿಲ್ಲ.

ದೂತನ ಪಾತ್ರ ನನ್ನ ಇನ್ನೊಂದು ಹೆಮ್ಮೆ. ಮೂಲದ ಟಾಲ್ಥಿಬಿಯಸ್ ಗ್ರೀಕರ ಕಡೆಯವನು, ಕೆಟ್ಟ ಸುದ್ದಿ ತರುವುದೇ ಅವನ ಕೆಲಸ, ಆದರೆ ಮನುಷ್ಯ ಕೆಟ್ಟವನಲ್ಲ. ಮಗುವಿನ ಹೆಣವನ್ನು ನದಿಯಲ್ಲಿ ತೊಳೆದು ತರುವವನೂ ಅವನೇ. ನಮ್ಮಲ್ಲಿ ಅವನು ಈಸ್ಟ್ ಇಂಡಿಯಾ ಕಂಪನಿಯ ದುಭಾಷಿ. ನಮ್ಮವನೇ, ಸಂಬಳ ಅವರದು. ಇದರಿಂದ ರಂಗದ ಮೇಲೆ ಒಬ್ಬ ಬಿಳಿಯನೂ ಬರುವ ಅಗತ್ಯ ಉಳಿಯಲಿಲ್ಲ. ಕೆಂಪು ಕೋಟು ಹೊಲಿಸುವ ಖರ್ಚೂ ಉಳಿಯಿತು! ಸಾಹೇಬರ ಅಪ್ಪಣೆಯೆಲ್ಲ ಅವನ ಬಾಯಲ್ಲೇ, ನಯವಾಗಿ, ದಯವಿಟ್ಟು ಸಹಕರಿಸಿ ಅನ್ನುವ ಧಾಟಿಯಲ್ಲಿ. ಈ ಪಾತ್ರ ಮಾಡುವ ಹುಡುಗ ಹಗಲೆಲ್ಲ ಸಾಫ್ಟ್‌ವೇರ್ ಕಂಪನಿಯಲ್ಲಿ ಕ್ಲೈಂಟ್ ಕಾಲ್‌ನಲ್ಲಿ ಇರುವವನು. ಅವನಿಗೆ ಈ ಧಾಟಿ ಹೇಳಿಕೊಡಲೇಬೇಕಾಗಲಿಲ್ಲ. ಕೋಟೆಯ ಕಂದಕದ ನೀರಲ್ಲಿ ಮಗುವನ್ನು ತೊಳೆದೆ ಅಂತ ಹೇಳುವಾಗ ಮಾತ್ರ ಅವನ ನಯ ಕೈಕೊಡುತ್ತದೆ. ಅಲ್ಲಿ ಸಂಭಾಷಣೆ ಅರ್ಧಕ್ಕೇ ಕತ್ತರಿಸಿದ್ದೇನೆ.

ಹೆಕ್ಯುಬಾಳ ಮಗಳು ಕಸಾಂಡ್ರಾ ಪಂಜು ಹಿಡಿದು ತನ್ನ ಮದುವೆ ಹಾಡು ತಾನೇ ಹಾಡುತ್ತಾ ಬರುತ್ತಾಳಲ್ಲ, ಅದಕ್ಕೆ ಸೋಬಾನೆ ಪದ ಹೊಂದಿತು. ತಾನಾಗೇ ಬಂದು ಕೂತಿತು, ಹೆಚ್ಚು ಹೇಳುವುದೇನಿಲ್ಲ. ಶುರುವಿನ ದೇವರ ದೃಶ್ಯ ಪೂರ್ತಿ ಕತ್ತರಿಸಿದೆ.

ದುಡ್ಡಿನ ವಿಷಯಕ್ಕೆ ಬರೋಣ. ಮೊದಲ ಶೋ ಪರದೆ ಎತ್ತುವ ಹೊತ್ತಿಗೆ, ಸೋತ ಪ್ರಯೋಗಗಳನ್ನೂ ಸೇರಿಸಿದರೆ, ಎರಡೂವರೆ ಲಕ್ಷದ ಹತ್ತಿರ ಹೋಗಿತ್ತು. ಅನುದಾನಕ್ಕೆ ಅರ್ಜಿ ಹಾಕಿದ್ದೆ. ಒಂದು ಕಡೆಯಿಂದ ಇದು ವಿದೇಶಿ ನಾಟಕ, ನಮ್ಮ ಯೋಜನೆಗೆ ಬರುವುದಿಲ್ಲ ಅಂತ ಉತ್ತರ. ಇನ್ನೊಂದು ಕಡೆ ಅಂತರರಾಷ್ಟ್ರೀಯ ಉತ್ಸವಕ್ಕೆ ಕಳಿಸಿದ್ದೆ, ಅವರು ಇದು ತೀರಾ ಸ್ಥಳೀಯವಾಯಿತು ಅಂದರು. ಎರಡೂ ಪತ್ರ ಪಕ್ಕಪಕ್ಕ ಅಂಟಿಸಿ ತಾಲೀಮು ಕೋಣೆಯಲ್ಲಿ ಹಾಕಿದ್ದೇನೆ, ಹುಡುಗರಿಗೆ ಮಜಾ. ಬುಕ್ ಮಾಡಿದ್ದ ಹಾಲ್ ಒಂದು ಕೊನೇ ವಾರದಲ್ಲಿ ಯಾವುದೋ ಸನ್ಮಾನ ಸಮಾರಂಭಕ್ಕೆ ಹೋಯಿತು. ಮುಂಗಡ ವಾಪಸ್ ಬರಲು ತಿಂಗಳುಗಟ್ಟಲೆ ಹಿಡಿಯಿತು. ಕೊನೆಗೆ ನಾನು ಮಗಳ ಮದುವೆಗೆ ಅಂತ ಕಟ್ಟುತ್ತಿದ್ದ ಚೀಟಿಯನ್ನು ಮುಂಚೆಯೇ ಕೂಗಿ ಎತ್ತಿದೆ. ಕಸರು ಜಾಸ್ತಿ ಹೋಯಿತು, ಏನು ಮಾಡೋದು. ಮಗಳಿಗೆ ಇನ್ನೂ ಮದುವೆ ಮನಸ್ಸಿಲ್ಲದ್ದು ನನ್ನ ಪುಣ್ಯ.

ಮಾಗಡಿಯ ಹೆಂಗಸರಿಗೆ ತಲಾ ಸಾವಿರದಿಂದ ಸಾವಿರದ ಇನ್ನೂರು, ಊಟ, ಹೋಗಿಬರುವ ಖರ್ಚು. ತಾಲೀಮಿನ ದಿನಕ್ಕೂ ಕೊಟ್ಟೆ. ತಾಲೀಮಿಗೆ ಯಾರಾದರೂ ದುಡ್ಡು ಕೊಡ್ತಾರಾ ಅಂತ ನಮ್ಮ ತಂಡದಲ್ಲೇ ಗೊಣಗಾಟ ಆಯಿತು. ಅವರು ರಾಗಿ ಕೊಯ್ಲಿನ ಕೂಲಿ ಬಿಟ್ಟು ಬರುತ್ತಾರೆ, ನಾವು ಶನಿವಾರದ ಸಿನಿಮಾ ಬಿಟ್ಟು ಬರುತ್ತೇವೆ. ಅಷ್ಟು ಹೇಳಿದೆ. ಟಿಕೆಟ್ಟು ನೂರೈವತ್ತು, ಇನ್ನೂರು. ಹಾಲ್ ತುಂಬಿದರೂ ಬಾಡಿಗೆ, ಲೈಟು, ವ್ಯಾನು, ಊಟ ಕಳೆದು ಹತ್ತು ಹದಿನೈದು ಸಾವಿರ ಉಳಿದರೆ ದೊಡ್ಡದು.

ಹಾಗಾದರೆ ಹೇಗೆ ನಡೆಯಿತು? ಪ್ಲೌಟಸ್ ಸಾಕಿದ. ರೋಮನ್ನರ ಹಾಸ್ಯ ನಾಟಕಕಾರ, ಅವನೂ ಗ್ರೀಕರ ನಾಟಕಗಳನ್ನು ಎತ್ತಿ ತನ್ನ ಊರಿಗೆ ಒಗ್ಗಿಸಿ ಬರೆದವನೇ. ಚಿನ್ನದ ಗಡಿಗೆ ಬಚ್ಚಿಟ್ಟು ಯಾರನ್ನೂ ನಂಬದ ಜಿಪುಣನ ನಾಟಕ ಒಂದಿದೆ. ಅದನ್ನು ಬಸವನಗುಡಿಯ ಮನೆ ಮಾಲೀಕನನ್ನಾಗಿ ಮಾಡಿದೆ. ಬಾಡಿಗೆದಾರರ ಅಡ್ವಾನ್ಸ್ ದುಡ್ಡನ್ನು ನೀರಿನ ಸಂಪಿನ ಪಕ್ಕ ಹೂತಿಟ್ಟವನು. ಹಾರ್ಮೋನಿಯಂ ಇಟ್ಟು, ಕಂಪನಿ ನಾಟಕದ ಧಾಟಿಯಲ್ಲಿ, ಒಂದು ಗಂಟೆ. ಮೂಲದ ಕೊನೆಯ ಭಾಗ ಕಳೆದುಹೋಗಿದೆ, ಹಾಗಾಗಿ ನನಗೆ ಬೇಕಾದ ಹಾಗೆ ಮುಗಿಸಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಅಪಾರ್ಟ್‌ಮೆಂಟುಗಳ ರಾಜ್ಯೋತ್ಸವಕ್ಕೆ ನವೆಂಬರ್ ಪೂರ್ತಿ ಬುಕಿಂಗ್. ಒಂದು ಶೋಗೆ ಇಪ್ಪತ್ತು, ಇಪ್ಪತ್ತೈದು ಸಾವಿರ ಕೊಡುತ್ತಾರೆ. ಮಾಲೀಕರೂ ನಗುತ್ತಾರೆ, ಬಾಡಿಗೆದಾರರೂ ನಗುತ್ತಾರೆ. ಅಳುವ ನಾಟಕದ ಸಾಲ ಈ ನಗುವಿನಿಂದಲೇ ತೀರುತ್ತಿದೆ.

ವಾಲ್ಕಾಟ್‌ನ ಕೆರಿಬಿಯನ್ ಕಾವ್ಯವನ್ನೂ ಒಂದು ಸಂಜೆ ಮುಟ್ಟಿ ನೋಡಿದೆ, ಹೋಮರನ ಅಕಿಲೀಸ್ ಹೆಕ್ಟರರೆಲ್ಲ ಸೇಂಟ್ ಲೂಸಿಯಾದ ಮೀನುಗಾರರಾಗುವ ಕಾವ್ಯ. ಬೆಂಗಳೂರಿನಲ್ಲಿ ಸಮುದ್ರ ಎಲ್ಲಿಂದ ತರೋದು? ಬೆಸ್ತರ ಹುಡುಗರ ಕೈಲಿ ಹೆಬ್ಬಾಳ ಕೆರೆಯಲ್ಲಿ ಮಾಡಿಸೋಣ ಅಂತ ಒಬ್ಬ ಅಂದ. ಅರ್ಧ ಪುಟ ಬರೆದು ನಿಲ್ಲಿಸಿದ್ದೇನೆ. ಕರಾವಳಿಯ ಗೆಳೆಯರು ಯಾರಾದರೂ ಮಾಡಿ, ಅದು ನಿಮ್ಮದೇ ಸಾಮಾನು.

ಇನ್ನೂ ಬಗೆಹರಿಯದ್ದು ಹೆಲೆನ್, ಟ್ರಾಯ್ ಯುದ್ಧಕ್ಕೆ ಕಾರಣ ಅನ್ನಿಸಿಕೊಂಡವಳು. ಮೂಲದಲ್ಲಿ ಅವಳಿಗೂ ಹೆಕ್ಯುಬಾಗೂ ವಕೀಲರ ಹಾಗೆ ವಾದ ನಡೆಯುತ್ತದೆ. ನಮ್ಮಲ್ಲಿ ಅವಳನ್ನು ಕಂಪನಿ ದಂಡಿಗೆ ದವಸ ಮಾರುವ ಹೆಂಗಸನ್ನಾಗಿ ಮಾಡಿದ್ದೇನೆ. ಊರಿನವರು ಎಲ್ಲ ತಪ್ಪನ್ನೂ ಅವಳ ತಲೆಗೆ ಕಟ್ಟುತ್ತಾರೆ. ದೃಶ್ಯ ಚೆನ್ನಾಗಿಯೇ ಇದೆ, ಆದರೆ ಮಾಗಡಿಯ ನಾಲ್ವರೂ ಅವಳನ್ನು ಬೈಯಲು ಒಪ್ಪುವುದಿಲ್ಲ. "ಹೊಟ್ಟೆಪಾಡಿಗೆ ಮಾರವ್ಳೆ, ಅದ್ಕೆ ಊರು ಬಿತ್ತಾ?" ಅಂತಾರೆ ಅಜ್ಜಿ. ಹಾಗಾಗಿ ಸದ್ಯಕ್ಕೆ ನಟಿಯರು ಐವರು ಬೈಯುತ್ತಾರೆ, ಆ ನಾಲ್ವರು ಬೆನ್ನು ತಿರುಗಿಸಿ ಕೂರುತ್ತಾರೆ. ಮೇಳ ಎರಡಾಗಿಬಿಟ್ಟಿತು ಅಂತ ವಿಮರ್ಶಕರು ಹೊಗಳಿ ಬರೆದರು. ನಾನು ಸುಮ್ಮನಿದ್ದೆ.

ಸ್ಕ್ರಿಪ್ಟ್ ಬೇಕಾದವರಿಗೆ ಕೊಡುತ್ತೇನೆ, ರಾಯಲ್ಟಿ ಶೋಗೆ ಎರಡು ಸಾವಿರ, ಅದು ಪೂರ್ತಿ ಆ ನಾಲ್ಕು ಜನಕ್ಕೆ. ಮೇಳದ ಹಾಡು ಮಾತ್ರ ಅದರಲ್ಲಿ ಇರುವುದಿಲ್ಲ. ಆ ಪುಟಗಳನ್ನು ಖಾಲಿ ಬಿಟ್ಟಿದ್ದೇನೆ, ನಿಮ್ಮ ಕಡೆಯ ಅಜ್ಜಿಯರನ್ನು ಕೂರಿಸಿಕೊಂಡು ತುಂಬಿಸಿ. ತಾಲೀಮಿನ ಕೂಲಿ ಮರೆಯದೆ ಕೊಡಿ.